ತಪ್ಪೊಪ್ಪಿಗೆಗೆ ಮೊದಲು
(ದೇವರಮನೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಕಾಲಭೈರವೇಶ್ವರನ ಸನ್ನಿಧಿಯಲ್ಲಿ ಸುಳ್ಳಾಡಲು ನಮ್ಮ ಜನರು ಅಂಜುವರು. ಆದರೆ ನ್ಯಾಯಾಲಯದ ಕಟಕಟೆಯಲ್ಲಿ, ಮಾಡದ ತಪ್ಪನ್ನು ಮಾಡಿದೆನೆಂದು ಒಪ್ಪುವ ಬಡವರುಂಟು. ತೋಟದ ದಿನಗೂಲಿಯನ್ನು ಬಿಟ್ಟು ವಾಯಿದೆಯಿಂದ ವಾಯಿದೆಗೆ ಮೂಡಿಗೆರೆಗೆ ಅಲೆಯಲಾರದೆ, ಒಪ್ಪಿದರೆ ದಂಡ ಕಟ್ಟಿ ಮನೆಗೆ ಹೋಗಬಹುದೆಂಬ ಮಾತನ್ನು ನಂಬಿ ಅವರು ತಲೆಯಾಡಿಸುವರು.

೧೯೨೨ನೆಯ ಮಾರ್ಚ್ ೧೮ರಂದು ಅಹಮದಾಬಾದಿನಲ್ಲಿ ಮಹಾತ್ಮರೂ ತಪ್ಪೊಪ್ಪಿಕೊಂಡರು. ಅವರು ದಯೆಯನ್ನು ಬೇಡಲಿಲ್ಲ. ಅತ್ಯಂತ ಕಠಿನವಾದ ಶಿಕ್ಷೆಯನ್ನೇ ಕೇಳಿದರು, ಆರು ವರ್ಷಗಳ ಸೆರೆಯನ್ನು ಪಡೆದರು. ಅದು ಸತ್ಯದ ಒಪ್ಪಿಗೆ; ಇದು ಭಯದ ಒಪ್ಪಿಗೆ.

ಕೆಳಗಿನ ನ್ಯಾಯಾಲಯದಲ್ಲಿ ತಪ್ಪೊಪ್ಪಿ ಶಿಕ್ಷೆಗೊಳಗಾದವನು ಅಪೀಲಿನಲ್ಲಿ ಶಿಕ್ಷೆಯ ಪ್ರಮಾಣವನ್ನೂ ನ್ಯಾಯಬದ್ಧತೆಯನ್ನೂ ಮಾತ್ರ ಪ್ರಶ್ನಿಸಬಹುದು. ಏಳು ವರ್ಷ ಮೀರದ ಶಿಕ್ಷೆಯುಳ್ಳ ಕೆಲವು ಅಪರಾಧಗಳಲ್ಲಿ, ಒಪ್ಪಿ ಶಿಕ್ಷೆ ತಗ್ಗಿಸಿಕೊಳ್ಳುವ ವ್ಯವಸ್ಥೆಯು ೨೦೦೬ರಿಂದ ಉಂಟು. ಆದರೆ ಆಪಾದಿತನು ತಾನಾಗಿಯೇ ಅರ್ಜಿ ಕೊಡಬೇಕು. ನ್ಯಾಯಾಧೀಶರು ಎದುರು ಪಕ್ಷದವರಿಲ್ಲದ ಏಕಾಂತದಲ್ಲಿ ಅವನನ್ನು ವಿಚಾರಿಸಬೇಕು. ಪೆರೋಲಿನ ಆಸೆಯಿಂದ ಒಪ್ಪುವುದೂ ಭ್ರಾಂತಿಯೇ. ಪೆರೋಲು ಅಧಿಕಾರಿಗಳ ವಿವೇಚನೆಗೆ ಒಳಪಟ್ಟ ಕೆಲದಿನಗಳ ಬಿಡುಗಡೆ, ಶಿಕ್ಷೆಯ ಕಡಿತವಲ್ಲ.

ಆದಕಾರಣ ಆರೋಪವನ್ನು ಕನ್ನಡದಲ್ಲಿ ಓದಿ ತಿಳಿಸಬೇಕೆಂದು ಕೇಳಿರಿ. ವಕೀಲರಿಲ್ಲದ ಬಡವರು ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರನ್ನು ಬೇಡಿರಿ. ಅದು ೧೯೮೭ರ ಕಾಯಿದೆಯು ಕೊಟ್ಟ ಹಕ್ಕು, ಭಿಕ್ಷೆಯಲ್ಲ. ೧೯೫೬ರಲ್ಲಿ ಕನ್ನಡ ನಾಡು ಒಂದಾದುದು ನಕ್ಷೆಯ ಶೋಭೆಗಾಗಿ ಅಲ್ಲ. ಕನ್ನಡಿಗನು ತನ್ನ ನುಡಿಯಲ್ಲಿಯೇ ನ್ಯಾಯವನ್ನು ಅರಿಯಲೆಂದು. ಅರಿಯದೆ ಹೌದೆನ್ನಬೇಡಿರಿ.

ವಂದೇ ಮಾತರಂ.