ಹಳೆಯ ತಪ್ಪು ಇದ್ದವನು ಲಾರಿ ಚಾಲಕನಾಗಬಹುದೇ?

(ಸಂಘದ ವೃತ್ತಿ ಮಾರ್ಗದರ್ಶನ ಶಿಬಿರದಲ್ಲಿ ಮಾಡಿದ ಭಾಷಣ)



ಇಂತಹ ಶಿಬಿರಗಳಲ್ಲಿ ಡಾಕ್ಟರ್, ಇಂಜಿನಿಯರ್ ಆಗುವ ದಾರಿಯ ಬಗ್ಗೆ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಅದು ಅಗತ್ಯವೂ ಹೌದು. ಆದರೆ ಓದು ಅರ್ಧಕ್ಕೆ ನಿಂತು, ಜೊತೆಗೆ ಪೊಲೀಸ್ ಠಾಣೆಯ ಕಡತದಲ್ಲೂ ಹೆಸರು ಬಿದ್ದ ಹುಡುಗರು ನಮ್ಮ ಮೊಹಲ್ಲಾಗಳಲ್ಲಿ ಇದ್ದಾರೆ. ಅವರಲ್ಲಿ ಹಲವರ ಕೈಗೆ ಒಲಿಯುವ ಕೆಲಸ ಡ್ರೈವಿಂಗ್. "ನನ್ನ ಮೇಲೆ ಕೇಸಿದೆ, ನನಗೆ ಯಾರು ಲಾರಿ ಕೊಡುತ್ತಾರೆ?" ಎಂದು ಕೇಳುವ ಅಂತಹ ಹುಡುಗನಿಗಾಗಿಯೇ ಈ ನನ್ನ ಮಾತು.

ಅವನಿಗೆ ಹೇಳಲು ನನಗೊಂದು ಹಕ್ಕಿದೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟಿಗೆ ತುಂಬಿದ ಟೆಂಪೊ ಓಡಿಸಿ ಸೈಕಲ್ ಸವಾರನೊಬ್ಬನಿಗೆ ಗುದ್ದಿದವನು ನಾನು. ಅವರ ಕಾಲು ಮುರಿಯಿತು. "ತಪ್ಪೊಪ್ಪಿಕೊಂಡು ದಂಡ ಕಟ್ಟು, ಅಲ್ಲಿಗೆ ಮುಗಿಯಿತು" ಎಂದು ತಿಳಿದವರು ಹೇಳಿದರು. ಕಟ್ಟಿದೆ. ಆದರೆ ಮುಗಿಯಲಿಲ್ಲ. ವರ್ಷಗಳ ನಂತರ ಒಂದು ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ "ಕೇಸು ಏನಾದರೂ ಇದೆಯೇ?" ಎಂದಾಗ ಇಲ್ಲವೆಂದೆ. ನಾಲ್ಕು ತಿಂಗಳಲ್ಲಿ ವಿಷಯ ಗೊತ್ತಾಯಿತು. ಮಾಲೀಕರು ಕೀ ವಾಪಸು ಪಡೆದು ಒಂದೇ ಮಾತು ಹೇಳಿದರು: "ಕೇಸಿಗಾಗಿ ಅಲ್ಲಪ್ಪಾ, ಸುಳ್ಳಿಗಾಗಿ."

ಆ ದಿನ ಕಲಿತ ಪಾಠವನ್ನು ನಿಮ್ಮ ಮುಂದಿಡುತ್ತೇನೆ. ಕಲೆ ಇದ್ದವನಿಗೂ ಈ ವೃತ್ತಿಯಲ್ಲಿ ಜಾಗವಿದೆ. ಕಲೆಯನ್ನು ಮುಚ್ಚಿಡುವವನಿಗೆ ಇಲ್ಲ.

ಮೊದಲನೆಯದಾಗಿ, ನಿಮ್ಮ ಮೇಲೆ ನಿಜವಾಗಿ ಏನಿದೆಯೆಂದು ತಿಳಿದುಕೊಳ್ಳಿ. "ಕೇಸಿದೆ" ಎಂಬ ಒಂದೇ ಮಾತಿನೊಳಗೆ ಹಲವು ಸ್ಥಿತಿಗಳಿವೆ. ಪೊಲೀಸರು ಬಿ ರಿಪೋರ್ಟ್ ಹಾಕಿರಬಹುದು, ನ್ಯಾಯಾಲಯ ಖುಲಾಸೆ ಮಾಡಿರಬಹುದು, ವಿಚಾರಣೆ ಬಾಕಿ ಇರಬಹುದು, ಶಿಕ್ಷೆ ಆಗಿರಬಹುದು. ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದರೆ ಅದೂ ಶಿಕ್ಷೆಯೇ ಎಂಬುದು ನಮ್ಮ ಹುಡುಗರಿಗೆ ಗೊತ್ತಿರುವುದಿಲ್ಲ. ಹಾಗಾಗಿ ನ್ಯಾಯಾಲಯದ ಕಚೇರಿಗೆ ಹೋಗಿ ತೀರ್ಪಿನ ದೃಢೀಕೃತ ಪ್ರತಿ ಪಡೆದುಕೊಳ್ಳಿ. ವಿಚಾರಣೆ ಬಾಕಿಯಿದ್ದರೆ ತಾರೀಖು ತಪ್ಪಿಸಬೇಡಿ. ಲೋಡು ಹೊತ್ತು ಮುಂಬೈ ಲೈನಿಗೆ ಹೋಗಿದ್ದೆ ಎಂಬುದನ್ನು ನ್ಯಾಯಾಲಯ ಸುಮ್ಮನೆ ಒಪ್ಪುವುದಿಲ್ಲ. ವಾರಂಟ್ ಹೊರಟರೆ ಸಣ್ಣ ಕೇಸು ದೊಡ್ಡದಾಗುತ್ತದೆ. ವಕೀಲರಿಗೆ ಹಣವಿಲ್ಲದವರು ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. 1987ರ ಕಾಯ್ದೆಯಂತೆ ಅರ್ಹ ಬಡವರಿಗೆ ಉಚಿತ ನೆರವಿದೆ.

ಮೊದಲ ಸಣ್ಣ ಅಪರಾಧವಾದರೆ ವಕೀಲರೊಡನೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ ಬಗ್ಗೆ ಮಾತನಾಡಿ. ಅದರ 3 ಅಥವಾ 4ನೆಯ ಕಲಮಿನಡಿ ನ್ಯಾಯಾಧೀಶರು ಎಚ್ಚರಿಕೆ ಕೊಟ್ಟೋ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡೋ ಬಿಡಬಹುದು. ಹಾಗೆ ಬಿಟ್ಟವರಿಗೆ ಆ ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟಬಾರದೆಂದು 12ನೆಯ ಕಲಮು ಹೇಳುತ್ತದೆ. "ದಂಡ ಕಟ್ಟಿ ಮುಗಿಸು" ಎನ್ನುವವರ ಮಾತು ಕೇಳುವ ಮೊದಲು ಇದನ್ನು ಕೇಳಿ ತಿಳಿಯಿರಿ. ನನಗೆ ಆಗ ಯಾರೂ ಹೇಳಲಿಲ್ಲ.

ಎರಡನೆಯದು ಲೈಸೆನ್ಸಿನ ಮೇಲಿನ ಕಲೆ. ಅತಿವೇಗ, ಕೆಂಪು ದೀಪ ದಾಟುವುದು, ಅತಿಭಾರ, ಸರಕು ವಾಹನದಲ್ಲಿ ಜನರನ್ನು ತುಂಬುವುದು, ಕುಡಿದು ಓಡಿಸುವುದು, ಓಡಿಸುತ್ತಾ ಮೊಬೈಲ್ ಹಿಡಿಯುವುದು, ಇವಕ್ಕೆ ಕನಿಷ್ಠ 3 ತಿಂಗಳು ಲೈಸೆನ್ಸ್ ಅಮಾನತು ಮಾಡಬೇಕೆಂದು ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲಿ ರಾಜ್ಯಗಳಿಗೆ ಸೂಚಿಸಿತು. 1988ರ ಮೋಟಾರು ವಾಹನ ಕಾಯ್ದೆಯ 19ನೆಯ ಕಲಮಿನಂತೆ ಆರ್.ಟಿ.ಓ. ಆದೇಶ ಹೊರಡಿಸುವ ಮೊದಲು ನಿಮ್ಮ ಮಾತು ಕೇಳಬೇಕು. ಆದೇಶ ತಪ್ಪೆನಿಸಿದರೆ ಪ್ರತಿ ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ನೋಟಿಸು ಬಂದಾಗ ಹೆದರಿ ಮನೆಯಲ್ಲಿ ಕೂತವನೇ ಹೆಚ್ಚು ಕಳೆದುಕೊಳ್ಳುವುದು.

ಇಲ್ಲೇ ಒಬ್ಬ ದಲ್ಲಾಳಿ ನಿಮ್ಮ ಬಳಿ ಬರುತ್ತಾನೆ. "ಬೇರೆ ರಾಜ್ಯದಿಂದ ಹೊಸ ಲೈಸೆನ್ಸ್ ಮಾಡಿಸಿಕೊಡುತ್ತೇನೆ" ಎನ್ನುತ್ತಾನೆ. ಅವನ ಬಲೆಗೆ ಬೀಳಬೇಡಿ. ಒಬ್ಬನಿಗೆ ಒಂದೇ ಚಾಲನಾ ಲೈಸೆನ್ಸ್ ಇರಬೇಕೆಂಬುದು ಕಾನೂನು. ದೇಶದ ಲೈಸೆನ್ಸ್ ದಾಖಲೆಗಳು ಇಂದು ಸಾರಥಿ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿವೆ. ಅನರ್ಹಗೊಂಡವನು ಅದನ್ನು ಮರೆಮಾಚಿ ಲೈಸೆನ್ಸ್ ಪಡೆದರೆ 3 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಮೂರು ತಿಂಗಳ ಅಮಾನತನ್ನು ತಾಳ್ಮೆಯಿಂದ ಕಳೆದವನು ಮತ್ತೆ ಗೌರವದಿಂದ ರಸ್ತೆಗೆ ಬರುತ್ತಾನೆ.

ಬಾಕಿ ದಂಡಗಳನ್ನೂ ಕಟ್ಟಿಬಿಡಿ. ನಮ್ಮ ರಾಜ್ಯ ಸರಕಾರ 2023ರಲ್ಲೂ 2025ರಲ್ಲೂ ಬಾಕಿ ಸಂಚಾರ ದಂಡಕ್ಕೆ ಶೇ. 50ರಷ್ಟು ರಿಯಾಯಿತಿ ನೀಡಿತ್ತು. ಅಂತಹ ಅವಕಾಶ ಬಂದಾಗ ಕಣ್ಣು ತೆರೆದಿರಲಿ.

ಮೂರನೆಯದು ಮಾಲೀಕನ ಮನಸ್ಸು. ಲೈಸೆನ್ಸ್ ಸರಿಯಿಲ್ಲದ ಚಾಲಕ ಅಪಘಾತ ಮಾಡಿದರೆ, ವಿಮಾ ಕಂಪನಿ ಗಾಯಾಳುವಿಗೆ ಕೊಟ್ಟ ಪರಿಹಾರವನ್ನು ಮಾಲೀಕನಿಂದ ವಸೂಲು ಮಾಡುವಂತೆ ನ್ಯಾಯಾಲಯ ಹೇಳಬಹುದು. ಸಾಲದ ಕಂತು ಕಟ್ಟುತ್ತಿರುವ ಒಂದು ಲಾರಿಯ ಮಾಲೀಕ ಅದರಿಂದ ಮನೆ ಮಾರುವಂತಾಗುತ್ತದೆ. ಅವನು ನಿಮ್ಮ ಹಳೆಯದನ್ನು ಕೆದಕುವುದು ದ್ವೇಷದಿಂದಲ್ಲ, ಈ ಭಯದಿಂದ. ಆದ್ದರಿಂದ ಅವನು ಕೇಳಿದಾಗ ತೀರ್ಪಿನ ಪ್ರತಿಯನ್ನೂ ಲೈಸೆನ್ಸನ್ನೂ ಮೇಜಿನ ಮೇಲಿಟ್ಟು ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿ. ಬೇರೆಯವರ ಮೇಲೆ ಹಾಕಬೇಡಿ, ಅತ್ತು ಕರೆಯಲೂ ಬೇಡಿ.

ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ನೌಕರಿಗೆ ಸೇರುವವರ ಬಗ್ಗೆ ಇದನ್ನೇ ವಿಚಾರ ಮಾಡಿತು. ಅಭ್ಯರ್ಥಿ ಕೊಡುವ ಮಾಹಿತಿ ಸತ್ಯವಾಗಿರಬೇಕು, ಎಳೆಯ ವಯಸ್ಸಿನ ಕ್ಷುಲ್ಲಕ ತಪ್ಪನ್ನು ಉದ್ಯೋಗದಾತ ಮನ್ನಿಸಬಹುದು ಎಂದಿತು. ಸತ್ಯ ಹೇಳಿದವನಿಗೆ ಕೆಲಸ ಕೊಡಲೇಬೇಕೆಂದೇನೂ ಹೇಳಲಿಲ್ಲ. ಸತ್ಯ ಹೇಳಿ ನಾನೂ ಮೂರು ಕಡೆ ಕೆಲಸ ಕಳೆದುಕೊಂಡೆ. ನಾಲ್ಕನೆಯವರು "ಆರು ತಿಂಗಳು ಕ್ಲೀನರ್ ಆಗಿರು, ನೋಡೋಣ" ಎಂದರು. ಲೈಸೆನ್ಸ್ ಇದ್ದವನು ಟಯರಿನ ಗಾಳಿ ನೋಡುತ್ತಾ, ಟಾರ್ಪಾಲು ಕಟ್ಟುತ್ತಾ ಶಿರಾಡಿ ಘಾಟಿ ಹತ್ತಿ ಇಳಿದೆ. ಏಳನೆಯ ತಿಂಗಳು ಅವರೇ ಕೀ ಕೊಟ್ಟರು.

ನೀವೂ ಕೆಳಗಿನ ಮೆಟ್ಟಿಲಿನಿಂದಲೇ ಹತ್ತಿ. ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಒಟ್ಟು ತೂಕ 7,500 ಕಿಲೋಗಿಂತ ಕಡಿಮೆ ಇರುವ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿದೆ. ಊರಿನೊಳಗೆ ಪಿಕಪ್ ಓಡಿಸಿ ಎರಡು ವರ್ಷ ದಂಡವಿಲ್ಲದೆ, ಅಪಘಾತವಿಲ್ಲದೆ ಕಳೆಯಿರಿ. ಆ ಎರಡು ವರ್ಷಗಳೇ ನಿಮ್ಮ ಹೊಸ ಸರ್ಟಿಫಿಕೇಟ್. ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷವಾದವರು ಭಾರೀ ವಾಹನದ ಕಲಿಕೆಗೆ ಅರ್ಜಿ ಹಾಕಬಹುದು. ಕಡ್ಡಾಯ ಎಂಟನೆಯ ತರಗತಿಯ ನಿಯಮ 2019ರಲ್ಲಿ ರದ್ದಾಗಿದೆ. ಆದರೂ ಓದನ್ನು ಬಿಡಬೇಡಿ. ಗ್ಯಾಸ್, ಪೆಟ್ರೋಲ್ ಟ್ಯಾಂಕರುಗಳ ಚಾಲಕನಿಗೆ ಓದು ಬರಹ ಬರಬೇಕು, ಪ್ರತ್ಯೇಕ ತರಬೇತಿಯೂ ಬೇಕು.

ಕುಡಿತ, ಗಾಂಜಾದ ಅಭ್ಯಾಸ ಇನ್ನೂ ಬಿಡದವನಿಗೆ ಮಾತ್ರ ನಾನು ಈ ಕೆಲಸ ಹೇಳಲಾರೆ. ಅವನು ಮೊದಲು ಚಿಕಿತ್ಸೆ ಪಡೆಯಲಿ. ಹತ್ತಿಪ್ಪತ್ತು ಟನ್ ಭಾರ ಹೊತ್ತ ಲಾರಿಯ ಮುಂದೆ ಯಾರದೋ ಮಗು ರಸ್ತೆ ದಾಟುತ್ತಿರುತ್ತದೆ.

ಸಹೋದರರೇ, ತೌಬಾದ ಷರತ್ತುಗಳನ್ನು ಉಲಮಾಗಳು ನಮಗೆ ಕಲಿಸಿದ್ದಾರೆ. ತಪ್ಪನ್ನು ಬಿಡಬೇಕು, ಪಶ್ಚಾತ್ತಾಪ ಪಡಬೇಕು, ಮತ್ತೆ ಮಾಡುವುದಿಲ್ಲವೆಂದು ನಿರ್ಧರಿಸಬೇಕು. ಇನ್ನೊಬ್ಬರ ಹಕ್ಕು ನಮ್ಮ ಮೇಲಿದ್ದರೆ ಅದನ್ನೂ ತೀರಿಸಬೇಕು. ಸರಕಾರಕ್ಕೆ ದಂಡ ಕಟ್ಟಿದೆ, ಆದರೆ ಆ ಸೈಕಲ್ ಸವಾರರ ಹಕ್ಕು ಬಾಕಿಯಿತ್ತು. ಮೊದಲ ಸಂಬಳದೊಂದಿಗೆ ಅವರ ಮನೆ ಹುಡುಕಿ ಹೋದೆ. ಅವರು ಹಣ ಮುಟ್ಟಲಿಲ್ಲ. ಕುಂಟುತ್ತಾ ಒಳಗೆ ಹೋಗಿ ನೀರು ತಂದುಕೊಟ್ಟು, "ಇನ್ನು ಮುಂದಾದರೂ ನಿಧಾನ ಓಡಿಸು ಮಗಾ" ಎಂದರು. ಇಂದಿಗೂ ತಿರುವಿನಲ್ಲಿ ನನ್ನ ಕಾಲು ಬ್ರೇಕಿನ ಮೇಲೆ ಹೋಗುವುದು ಆ ಮಾತಿನಿಂದ.

ಕೊನೆಯದಾಗಿ ಸಂಘದ ಸದಸ್ಯರಲ್ಲಿ ಒಂದು ಕೋರಿಕೆ. ಇಂತಹ ಹುಡುಗ ನಿಮ್ಮ ಬಳಿ ಬಂದಾಗ ಅವನ ಕಾಗದಗಳನ್ನು ಒಮ್ಮೆ ಓದಿ ನೋಡಿ. ವಕೀಲರ ಬಳಿ, ಆರ್.ಟಿ.ಓ. ಕಚೇರಿಗೆ ಜೊತೆಗೆ ಹೋಗಿ. ಲಾರಿ ಇರುವವರು ಕ್ಲೀನರ್ ಸೀಟನ್ನಾದರೂ ಕೊಡಿ. ಸುಳ್ಳು ಪ್ರಮಾಣಪತ್ರ ಕೊಡಬೇಡಿ, ಆದರೆ ನಿಜವಾಗಿ ಬದಲಾದವನ ಪರ ಒಂದು ಮಾತು ಹೇಳಲು ಹಿಂಜರಿಯಬೇಡಿ. ನನಗೆ ಕೀ ಕೊಟ್ಟ ಆ ಮನುಷ್ಯ ಅಂದು ಹಿಂಜರಿದಿದ್ದರೆ ಇಂದು ನಾನು ನಿಮ್ಮ ಮುಂದೆ ನಿಲ್ಲುತ್ತಿರಲಿಲ್ಲ.

ಲಾರಿಯೂ ಅಮಾನತ್, ಸರಕೂ ಅಮಾನತ್, ರಸ್ತೆಯಲ್ಲಿರುವ ಪ್ರತಿ ಜೀವವೂ ಅಮಾನತ್. ಅದನ್ನು ಕಾಪಾಡುವ ಶಕ್ತಿಯನ್ನೂ ಹಲಾಲ್ ದುಡಿಮೆಯ ಬರಕತ್ತನ್ನೂ ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.