ಚಿನ್ನ ತಂದ ಮಾಸ್ತರರು



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ 1956ರ ಅಕ್ಟೋಬರ್ ಕೊನೆಯವರೆಗೂ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಕಾಲವೆಂದರೆ ಇಲ್ಲಿಯ ಹಿರಿಯರಿಗೆ ನೆನಪಾಗುವುದು ನಿಜಾಮನ ಆಳ್ವಿಕೆ, ರಜಾಕಾರರ ಹಾವಳಿ, ವಿಮೋಚನೆಯ ಹೋರಾಟ. ಅದೇ ರಾಜ್ಯದ ರಾಜಧಾನಿಯಲ್ಲಿ ಶಾಲಾ ಮಾಸ್ತರರೊಬ್ಬರು ಭಾರತದ ಫುಟ್‌ಬಾಲನ್ನು ತಿದ್ದುತ್ತಿದ್ದರೆಂಬ ಸಂಗತಿ ಮಾತ್ರ ಅಷ್ಟಾಗಿ ಮಾತಿಗೆ ಬರುವುದಿಲ್ಲ.

ಅವರು ಸಯ್ಯದ್ ಅಬ್ದುಲ್ ರಹೀಂ. ಹುಟ್ಟಿದ್ದು 1909ರಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ ರಹೀಂ ದೊಡ್ಡ ಹೆಸರು ಮಾಡಿದ್ದು ಆಟಗಾರನಾಗಿ ಅಲ್ಲ, ತರಬೇತುದಾರನಾಗಿ. ಅವರು ತಿದ್ದಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ 5 ಸಲ ರೋವರ್ಸ್ ಕಪ್ ಗೆದ್ದಿತು.

ಅವರ ವಿಧಾನ ಪಾಠಶಾಲೆಯದೇ. ಚೆಂಡನ್ನು ತನ್ನಲ್ಲೇ ಇಟ್ಟುಕೊಂಡು ಓಡಬಾರದು ಎಂಬ ನಿಯಮದ ಪಂದ್ಯಗಳನ್ನು ಆಡಿಸಿದರು; ಕೂಡಲೇ ಇನ್ನೊಬ್ಬನಿಗೆ ದಾಟಿಸುವುದು ರೂಢಿಯಾಯಿತು. ಬಲಹೀನ ಕಾಲಿನಿಂದಷ್ಟೇ ಒದೆಯಬೇಕೆಂಬ ಪಂದ್ಯಗಳನ್ನೂ ಏರ್ಪಡಿಸಿದರು.

1951ರಲ್ಲಿ ಅವರ ಮಾರ್ಗದರ್ಶನದಲ್ಲಿ ಭಾರತ ದೆಹಲಿಯ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದಿತು. ಮರುವರ್ಷ ಹೆಲ್ಸಿಂಕಿಯಲ್ಲಿ, ಬಹುಮಂದಿ ಬರಿಗಾಲಲ್ಲೇ ಆಡಿದ ತಂಡ ಯುಗೊಸ್ಲಾವಿಯದ ಎದುರು 10-1ರಿಂದ ಸೋತಿತು. ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಸೋಲು ಪಾಠವಾಯಿತು, ಬೂಟು ಕಡ್ಡಾಯವಾಯಿತು. ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿ ಸರಿಯಾಗಿ ಒಂದು ತಿಂಗಳಿಗೆ, 1956ರ ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಸ್ಟ್ರೇಲಿಯವನ್ನು 4-2ರಿಂದ ಮಣಿಸಿ, ಕೊನೆಗೆ ನಾಲ್ಕನೆಯ ಸ್ಥಾನ ಪಡೆಯಿತು.

1962ರ ಜಕಾರ್ತಾ ಕೂಟಕ್ಕೆ ಹೊರಟಾಗ ರಹೀಂ ಅವರನ್ನು ಕ್ಯಾನ್ಸರ್ ಹಿಡಿದಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯದ ಕೈಯಲ್ಲಿ 2-0 ಸೋಲು. ರಕ್ಷಣೆಯ ಆಟಗಾರ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ತಿಂದು ಹೊಲಿಗೆ ಹಾಕಿಸಿಕೊಂಡರು. ರಹೀಂ ಅವರನ್ನು ಮುಂಪಡೆಗೆ ತಂದರು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಎದುರಾದದ್ದು ಅದೇ ಕೊರಿಯ. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು ಗೋಲು ಹೊಡೆದರು. ಭಾರತ 2-1ರಿಂದ ಗೆದ್ದಿತು.

1963ರ ಜೂನ್ 11ರಂದು ರಹೀಂ ತೀರಿಕೊಂಡರು. ಆ ಬಳಿಕ ಏಷ್ಯನ್ ಕೂಟದ ಫುಟ್‌ಬಾಲ್ ಚಿನ್ನ ಭಾರತಕ್ಕೆ ಬಂದಿಲ್ಲ.

ಕಾಲಲ್ಲಿ ಕಸುವಿರುವ ಹುಡುಗರು ಕುಷ್ಟಗಿಯಲ್ಲೂ ಯಲಬುರ್ಗಾದಲ್ಲೂ ಹುಟ್ಟುತ್ತಾರೆ. ಅವರ ತಪ್ಪನ್ನು ಗುರುತಿಸಿ, ಬೇಸರಿಸದೆ ತಿದ್ದುವ ಮಾಸ್ತರರು ಶಾಲೆಯ ಬಯಲಿನಲ್ಲಿ ಇರಬೇಕು. ರಹೀಂ ಸಾಹೇಬರು ಶುರುಮಾಡಿದ್ದೂ ಅಲ್ಲಿಂದಲೇ.