ಮೇಜು ಚಿಕ್ಕದು, ದಫ್ತರ ದೊಡ್ಡದು

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಿರಿಯರಿಗೆ ಪಹಣಿ ದಫ್ತರ ಹೇಗಿರುತ್ತಿತ್ತೆಂದು ನಾನು ಹೇಳಬೇಕಿಲ್ಲ. ಅರಿವೆಯಲ್ಲಿ ಸುತ್ತಿದ ಕಟ್ಟು. ಗಂಟು ಬಿಚ್ಚಿದರೆ ಮೂಗಿಗೇರುವ ಧೂಳು. ಸರ್ವೆ ನಂಬರ್ ಹೇಳಿದರೆ ಗುಮಾಸ್ತರು ಬೇಕಾದ ಕಟ್ಟನ್ನಷ್ಟೇ ತರಿಸುತ್ತಿದ್ದರು. ಇಡೀ ತಾಲ್ಲೂಕು ಒಂದು ಮೇಜಿನ ಮೇಲೆ ಹಿಡಿಸೀತೇ?

ಕಂಪ್ಯೂಟರಿನ ವರ್ಚುವಲ್ ಮೆಮರಿಯೂ ಇದೇ ಏರ್ಪಾಟು. ಮೆಮರಿ ಎಂದರೆ ಮೇಜು, ಡಿಸ್ಕ್ ಎಂದರೆ ದಾಖಲೆ ಕೋಣೆ, ಆಪರೇಟಿಂಗ್ ಸಿಸ್ಟಂ ಎಂದರೆ ಓಡಾಡುವ ಜವಾನ. ಹಾಳೆ ಮೇಜಿನ ಮೇಲಿಲ್ಲದಿದ್ದರೆ ಗುಮಾಸ್ತರು ಪೆನ್ನೆತ್ತಿ ಕಾಯಬೇಕು, ಬಂದಮೇಲೆ ಬಿಟ್ಟ ಅಕ್ಷರದಿಂದಲೇ ಮುಂದುವರಿಯಬೇಕು. ಮೇಜು ತೀರಾ ಚಿಕ್ಕದಾದರೆ ಬರವಣಿಗೆ ನಿಂತು ಜವಾನನ ಓಟವೊಂದೇ ಉಳಿಯುತ್ತದೆ.

ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1962ರಲ್ಲೇ ಅಟ್ಲಾಸ್ ಎಂಬ ದೊಡ್ಡ ಯಂತ್ರ ಇದನ್ನು ಮಾಡಿ ತೋರಿಸಿತ್ತು. ಸಣ್ಣ ಚಿಪ್ಪುಗಳು ಮಾತ್ರ ಎಡವಿದವು. 1979ರ ಮೋಟೊರೊಲಾ 68000 ಜಾಣ ಚಿಪ್ಪೇ. ಆದರೆ ಕೆಲಸದ ನಡುವೆ ಹಾಳೆ ಸಿಗಲಿಲ್ಲವೆಂದರೆ ಎಲ್ಲಿ ನಿಲ್ಲಿಸಿದ್ದೆ ಎಂಬುದನ್ನೇ ಮರೆಯುತ್ತಿತ್ತು. ಅಪೊಲೊ ಎಂಬ ಕಂಪ್ಯೂಟರ್ ಕಂಪನಿ ಒಂದೇ ಯಂತ್ರಕ್ಕೆ ಎರಡು 68000 ಹಾಕಿತು: ಒಂದು ತಡೆದು ನಿಂತರೆ ಇನ್ನೊಂದು ಹಾಳೆ ತರಿಸಲಿ ಅಂತ! 1982ರ 68010 ಆ ಮರೆವನ್ನು ನೀಗಿಸಿತು. ಇಂಟೆಲ್‌ನ 80386 ಬಂದದ್ದು 1985ರಲ್ಲಿ, 4 ಕಿಲೋಬೈಟಿನ ಹಾಳೆಗಳ ಲೆಕ್ಕದೊಂದಿಗೆ.

ಯಂತ್ರ ಕಲಿತರೂ ಡಾಸ್ ಎಂಬ ಆಪರೇಟಿಂಗ್ ಸಿಸ್ಟಂ ಕಲಿಯಲಿಲ್ಲ. 640 ಕಿಲೋಬೈಟಿನ ಬೇಲಿಯೊಳಗೇ ಉಳಿಯಿತು. ಹತ್ತು ಎಕರೆ ಇದ್ದವನು ಎರಡು ಗುಂಟೆ ಉತ್ತ ಹಾಗೆ. ಯುನಿಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂನಲ್ಲಿ ಹಲವರು ಒಟ್ಟಿಗೆ ಕೂತು ಕೆಲಸ ಮಾಡಬಹುದಿತ್ತು, ಆದರೆ ಅದಕ್ಕೆ ಮೆಮರಿ ಹೆಚ್ಚು ಬೇಕು, ಹಣವೂ ಹೆಚ್ಚು. ಡಾಸ್ ಅಗ್ಗ. ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡ್ ಸಿಕ್ಕಿಸಿದರೆ ಅದರಲ್ಲೇ ಕನ್ನಡವೂ ಮೂಡುತ್ತಿತ್ತು. ಹಾಗಾಗಿ ಡಾಸ್ ಹಿಡಿದವರನ್ನು ನಾನು ದೂರಲಾರೆ.

ಇನ್ನು ಪಹಣಿಯ ಮಾತಿಗೆ ಮರಳಿದರೆ, ಕರ್ನಾಟಕದಲ್ಲಿ ಭೂದಾಖಲೆ ಗಣಕೀಕರಣದ ಮೊದಲ ಪ್ರಯೋಗ 1991ರಲ್ಲಿ ನಡೆದದ್ದು ನಮ್ಮ ಗುಲಬರ್ಗಾ ಜಿಲ್ಲೆಯಲ್ಲೇ. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾಯಿತು. ಆದರೆ ತಾಲ್ಲೂಕು ಕಚೇರಿಗೆ ಕಂಪ್ಯೂಟರ್ ಕೊಡುವ ಮಾತೇ ಅದರಲ್ಲಿರಲಿಲ್ಲ! ಜವಾನನೂ ಮೇಜೂ ಜಿಲ್ಲಾ ಕೇಂದ್ರದಲ್ಲಿ, ಹೊಲ ಮಾತ್ರ ಜೇವರ್ಗಿಯಲ್ಲಿ.

ಆಮೇಲೆ ಬಂತು ಭೂದಾಖಲೆಯ ‘ಭೂಮಿ’ ಯೋಜನೆ. 177 ತಾಲ್ಲೂಕುಗಳಲ್ಲಿ ಕಿಂಡಿ ತೆರೆಯಿತು, 15 ರೂಪಾಯಿಗೆ ಪಹಣಿ. ಒಳಗೆ ವಿಂಡೋಸ್ ಎನ್‌ಟಿ, ಅಂದರೆ ವರ್ಚುವಲ್ ಮೆಮರಿ ಬಲ್ಲ ವ್ಯವಸ್ಥೆ. ಪರದೆಯೊಂದು ರೈತನ ಕಡೆಗೂ ಮುಖಮಾಡಿತ್ತು. ಅದು ಚಣಕಾಲ ತಡೆದು, ಪೆಟ್ಟಿಗೆಯ ಮೇಲೆ ಡಿಸ್ಕಿನ ದೀಪ ಮಿಣಮಿಣ ಎಂದಿದ್ದರೆ, ಜವಾನ ದಾಖಲೆ ಕೋಣೆಗೆ ಹೋಗಿದ್ದಾನೆ ಎಂದೇ ತಿಳಿಯಬೇಕಿತ್ತು.